ಹೆಡೆ ಮಾಡಿ ತೋರಿಸಿದ ಹೆಸರು

"ಹಳೇ ಹಾಜರಿ ಪುಸ್ತಕ ಎಷ್ಟು ವರ್ಷ ಇಡಬೇಕ್ರಿ, ಅಕ್ಕಾರ?" ಎಂದು ರೇಖಾ ಫೋನಿನಲ್ಲಿ ಕೇಳಿದಾಗ ನಾನು ರೋಣದ ನಮ್ಮ ಮನೆಯ ಹಿತ್ತಲಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದೆ. "ಇಲಿ ತಿಂದು ಮುಗಸೂತನಕ ಇಡಬೇಕವಾ" ಎಂದೆ. ಇಬ್ಬರೂ ನಕ್ಕೆವು.

ರೇಖಾ ಯಾವಗಲ್ ಊರಿನ ಹುಡುಗಿ. ನರಗುಂದದ ಹಾದಿಯಲ್ಲಿರುವ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಯ ಕಚೇರಿಯಲ್ಲಿ ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದವಳು. ಕಾನೂನಿನಲ್ಲಿ ಮೂರು ವರ್ಷ ಎಂದಿದೆಯಂತೆ, ಲೆಕ್ಕ ತಪಾಸಣೆಯವರು ಐದು ಎನ್ನುತ್ತಾರಂತೆ, ಸಣ್ಣ ಮಾಲಕರು ಮಾತ್ರ ನಾಡಿದ್ದೇ ಎಲ್ಲವನ್ನೂ ರದ್ದಿಗೆ ಹಾಕಿ ಆ ಕೋಣೆ ಖಾಲಿ ಮಾಡಿ ಎಂದಿದ್ದಾರಂತೆ. ಇಷ್ಟು ಹೇಳಿ, ಫೋನು ಇಡುವ ಮೊದಲು, ಇನ್ನೊಂದು ಮಾತು ಸೇರಿಸಿದಳು. ನಮ್ಮ ಕಾರ್ಖಾನೆಯಲ್ಲಿ ದುಡಿದ ಬೆಳವಣಕಿ ಊರಿನ ಗಂಗವ್ವ ಗೇಟಿನಲ್ಲಿ ಬಂದು ನಿಂತಿದ್ದಾಳೆ, ಆಕೆಯ ಪಿಂಚಣಿ ಅರ್ಜಿ ತಿರುಗಿ ಬಂದಿದೆ, ನಮ್ಮ ದಾಖಲೆಯಲ್ಲಿ ಗಂಡನ ಹೆಸರು ನಾಗಪ್ಪ ಎಂದಿದೆ, ಆಧಾರ ಕಾರ್ಡಿನಲ್ಲಿ ಶೇಷಪ್ಪ ಎಂದಿದೆ.

ಮೆಣಸಿನಕಾಯಿ ಬಿಟ್ಟು ಎದ್ದೆ. ಗಂಗವ್ವನ ಗಂಡ ಶೇಷಪ್ಪನೇ. ಆತನನ್ನು ನಾನು ಬಲ್ಲೆ. ಹಾಗಾದರೆ ಈ ನಾಗಪ್ಪ ಯಾರು?

ಈ ಬರಹ ರೇಖಾಳ ಪ್ರಶ್ನೆಗೆ ಉತ್ತರ. ಅವಳಂತೆ ಈಗ ಈ ಕೆಲಸಕ್ಕೆ ಸೇರುತ್ತಿರುವ ಬೇರೆಯವರಿಗೂ ಉಪಯೋಗವಾದರೆ ಆಗಲಿ. ಒಂದು ಎಚ್ಚರಿಕೆ ಮೊದಲೇ ಕೊಡುತ್ತೇನೆ. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದೆ. ಅಲ್ಲಿ ಕಲಿತದ್ದರಲ್ಲಿ ಈಗ ಉಳಿದಿರುವುದು ಒಂದೇ ಪಾಠ: ಯಾರಾದರೂ ಏನಾದರೂ ಹೇಳಿದರೆ, ಹೇಳುವವರು ಆಗ ಅಲ್ಲಿದ್ದರೇ ಎಂದು ಮೊದಲು ಕೇಳಬೇಕು. ಅಂದಿನಿಂದ ದಿನಚರಿ ಬರೆಯುವ ಚಟವೂ ಅಂಟಿಕೊಂಡಿದೆ. ದಿನಚರಿ ಬರೆಯುವವರಿಗೆ ತಮ್ಮ ನೆನಪಿನ ಮೇಲಿನ ನಂಬಿಕೆ ಬಹಳ ದಿನ ಉಳಿಯುವುದಿಲ್ಲ. ಹಸಿರು ಸೀರೆ ಎಂದು ನೆನಪಿರುತ್ತದೆ, ತೆಗೆದು ನೋಡಿದರೆ ಕೆಂಪು ಎಂದು ನನ್ನದೇ ಅಕ್ಷರ ಹೇಳುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಕೆಲವು ಕಡೆ ನಾನು ತಡವರಿಸಿದರೆ ಅದು ವಯಸ್ಸಿನ ಮರೆವಲ್ಲ, ಹಳೆಯ ಅಭ್ಯಾಸ.

ಗಂಗವ್ವನ ಪಿಂಚಣಿಯ ಗತಿ ಏನಾಯಿತು ಎಂದು ಹೇಳುವ ಮೊದಲು, ನಮ್ಮಲ್ಲಿ ಹೆಸರುಗಳನ್ನು ಹೇಗೆ ಬರೆದುಕೊಳ್ಳುತ್ತಿದ್ದರು ಎಂಬುದನ್ನು ಹೇಳಬೇಕು.

ನಾನು ಕೆಲಸ ಕೇಳಿಕೊಂಡು ಹೋದ ದಿನ ದೊಡ್ಡ ಮಾಲಕರು ಎದುರಿಗೆ ಕೂಡಿಸಿಕೊಂಡು, "ಯಜಮಾನ್ರ ಹೆಸರೇನ್ರಿ?" ಎಂದರು. ಮದುವೆಯಾಗಿ ಆರು ತಿಂಗಳಾಗಿರಲಿಲ್ಲ. ಬಾಯಿ ತೆರೆದೆ, ಹೆಸರು ಹೊರಬರಲಿಲ್ಲ. "ಅರ್ಜಿಯಲ್ಲಿ ಬರೆದೀನ್ರಿ" ಎಂದು ಬೆರಳಿಟ್ಟು ತೋರಿಸಿದೆ. ಪಕ್ಕದಲ್ಲಿದ್ದ ಹೆಡ್ ಕ್ಲಾರ್ಕ್ ಗುರಪ್ಪನವರು ಕನ್ನಡಕ ಮೇಲೇರಿಸಿ, "ಎಂ.ಎ. ಆದ್ರೂ ರಾಗ ಅದ ಐತಲ್ರಿ" ಎಂದರು. ಕೆಲಸ ಸಿಕ್ಕಿತು. ಆ ಮಾತು ಮಾತ್ರ ನಿವೃತ್ತಿಯವರೆಗೆ ಬೆನ್ನು ಬಿಡಲಿಲ್ಲ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಅಂಜಿಕೆ. ಮದುವೆ, ಸೀಮಂತಗಳಲ್ಲಿ ಎಲ್ಲರೂ ಕಾಡಿದಾಗ ಒಡಪು ಕಟ್ಟಿ, ಪ್ರಾಸದೊಳಗೆ ಹೆಸರನ್ನು ಕೂಡಿಸಿ ಹೇಳಬಹುದು, ಅಷ್ಟೇ. ಹತ್ತಿ ಸುಗ್ಗಿ ಬಂದಾಗ ಬೆಳವಣಕಿ, ಕೊಣ್ಣೂರಿನಿಂದ ಹೆಣ್ಣಾಳುಗಳು ಟ್ರ್ಯಾಕ್ಟರಿನಲ್ಲಿ ಬಂದು ಇಳಿಯುತ್ತಿದ್ದರು. ಗುರಪ್ಪನವರು ಗೇಟಿನಲ್ಲಿ ಮೇಜು ಹಾಕಿಕೊಂಡು ಭರ್ತಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಹೊಸದಾಗಿ ಸೇರಿದವರೆಲ್ಲರ ಹೆಸರು, ಗಂಡನ ಹೆಸರು, ಊರು, ವಯಸ್ಸು, ಗುರುತು ಎಲ್ಲವೂ ಅದರಲ್ಲಿ ಇರಬೇಕು. ಬೇರೆ ಎಲ್ಲ ಸಲೀಸು, ಗಂಡನ ಹೆಸರಿನ ಹತ್ತಿರ ಬಂದರೆ ಬಂಡಿ ನಿಲ್ಲುತ್ತಿತ್ತು.

ಒಬ್ಬಳು ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರನ್ನು ತೋರಿಸುತ್ತಿದ್ದಳು. ಒಬ್ಬಳು, "ಸ್ವಾಮಾರದ ದೇವ್ರ ನೋಡ್ರಿ" ಎಂದು ಸೋಮವಾರದ ಶಿವನನ್ನು ಸೂಚಿಸುತ್ತಿದ್ದಳು. ಹಿಂದೆ ನಿಂತ ಗೆಳತಿ ಬಾಯಿಬಿಟ್ಟು ಹೇಳಿದರೆ ಪುಣ್ಯ. ಹಿಂದೆ ನಿಂತವಳು ನೆಗೆಣ್ಣಿಯೋ ಸೊಸೆಯೋ ಆಗಿದ್ದರೆ, ಗಂಡನ ಮನೆಯ ಹಿರಿಯರ ಹೆಸರನ್ನೂ ಹೇಳಬಾರದೆಂದು ಅವಳೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳೇ ಹೊರತು ಹೇಳುತ್ತಿರಲಿಲ್ಲ. ಒಮ್ಮೆ ಒಬ್ಬಳು, "ನಿಮ್ಮದ ಹೆಸರ್ರಿ" ಎಂದಳು. ಗುರಪ್ಪನವರ ಲೇಖನಿ ನಿಂತಿತು. ಅವರ ಹೆಸರಿನ ಗಂಡ ಆಕೆಗಿದ್ದನೆಂಬುದು ಅರ್ಥವಾಗುವಷ್ಟರಲ್ಲಿ ಇಡೀ ಸಾಲು ನಕ್ಕು ಮುಗಿದಿತ್ತು. ಆ ಸುಗ್ಗಿ ಮುಗಿಯುವವರೆಗೆ ಹಮಾಲರೆಲ್ಲ ಗುರಪ್ಪನವರನ್ನು, "ಮನ್ಯಾಗ ಆರಾಮೇನ್ರಿ, ಎರಡೂ ಮನ್ಯಾಗ?" ಎಂದು ಕೇಳುತ್ತಿದ್ದರು.

ಗುರಪ್ಪನವರು ಏನನ್ನೂ ಹರಿಯುವವರಲ್ಲ. ಚಹದಂಗಡಿಯ ಚೀಟಿಯನ್ನೂ ತಂತಿಗೆ ಚುಚ್ಚಿ ಇಡುತ್ತಿದ್ದರು. "ಯಾಕ್ರಿ?" ಎಂದರೆ, "ಅದು ನನಗೇನ್ ಮಾಡೇತಿ, ನಾ ಯಾಕ ಹರೀಲಿ?" ಎನ್ನುತ್ತಿದ್ದರು. ಅವರಿಂದ ನಾನು ಕಲಿತ ದೊಡ್ಡ ಸಂಗತಿ ಆಡಿನಿಂದ ಆದದ್ದು.

ಕೊಣ್ಣೂರಿನಲ್ಲಿ ನಮ್ಮದೊಂದು ಹತ್ತಿ ಖರೀದಿಯ ಕೋಣೆ ಇತ್ತು. ಒಂದು ವರ್ಷ ಮಲಪ್ರಭೆ ತುಂಬಿ ಸೇತುವೆಯ ಮೇಲೆ ನೀರು ಹರಿಯಿತು. ಕೋಣೆಯೊಳಗೂ ನುಗ್ಗಿತು. ನೀರು ಇಳಿದ ಮೇಲೆ ಅಲ್ಲಿಯ ಹಾಜರಿ ಪುಸ್ತಕಗಳನ್ನು ಟ್ರ್ಯಾಕ್ಟರಿನಲ್ಲಿ ತಂದು, ಹತ್ತಿ ಒಣಗಿಸುವ ಕಟ್ಟೆಯ ಮೇಲೆ ಬಿಸಿಲಿಗೆ ಹರಡಿದೆವು. ಹಾಳೆ ಹಾರದಿರಲೆಂದು ಕಲ್ಲು ಹೇರಿದೆವು. ಗಾಳಿಗೆ ಬಂದೋಬಸ್ತು ಮಾಡಿದೆವು, ಆಡುಗಳಿಗೆ ಮಾಡಲಿಲ್ಲ. ನಾವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾವಲುಗಾರನ ಆಡುಗಳು ಶ್ರಾವಣ ಮಾಸದ ಹಾಜರಿಯಲ್ಲಿ ಅರ್ಧ ಮುಗಿಸಿದ್ದವು. ಅಂಟಿನ ರುಚಿಗೆ ಬಂದಿರಬೇಕು, ರಟ್ಟಿನ ಅಂಚನ್ನೂ ಬಿಟ್ಟಿರಲಿಲ್ಲ.

ನಾನಾಗಿದ್ದರೆ ಆ ಪುಟಗಳನ್ನು ಹೊಸದಾಗಿ ಬರೆದು ಹಚ್ಚಿಬಿಡೋಣ ಎನ್ನುತ್ತಿದ್ದೆ. ನಿಜವಾಗಿ ಹಾಗೆ ಹೇಳಿದೆನೋ ಇಲ್ಲವೋ, ದಿನಚರಿಯಲ್ಲಿ ಇಲ್ಲ. ಗುರಪ್ಪನವರು ಮಾತ್ರ ಉಳಿದ ಅರ್ಧ ಪುಟದ ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ, "ಈ ಪುಟವನ್ನು ಆಡು ತಿಂದಿರುತ್ತದೆ" ಎಂದು ಬರೆದು, ತಾರೀಖು ಹಾಕಿ, ರುಜು ಮಾಡಿ, ಕಾವಲುಗಾರನ ಹೆಬ್ಬೆಟ್ಟನ್ನೂ ಒತ್ತಿಸಿದರು. ಮುಂದೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರರು ಬಂದು ಪುಸ್ತಕ ತಿರುವುತ್ತ ಆ ಪುಟಕ್ಕೆ ಬಂದರು. ಓದಿದರು. ಇನ್ನೊಮ್ಮೆ ಓದಿದರು. "ಆಡಿನ ಹೆಬ್ಬೆಟ್ಟು ಒತ್ತಿಸಬೇಕಿತ್ರೀ" ಎಂದು ಹೇಳಿ ಮುಂದಿನ ಪುಟಕ್ಕೆ ಹೋದರು. ಹಾಳಾದದ್ದನ್ನು ಹಾಳಾದ ದಿನವೇ ಹಾಳಾಯಿತೆಂದು ಬರೆದಿಟ್ಟರೆ ಅದೂ ಒಂದು ದಾಖಲೆಯೇ ಎಂದು ಆಗ ತಿಳಿಯಿತು. ಕಾಗದ ಇಲ್ಲದಿರುವುದಕ್ಕಿಂತ ಏಕೆ ಇಲ್ಲ ಎಂದು ಹೇಳಲು ಬಾರದಿರುವುದೇ ದೊಡ್ಡ ತಾಪತ್ರಯ.

ಗುರಪ್ಪನವರ ನಂತರ ಸಣ್ಣ ಮಾಲಕರ ಕಾಲ ಬಂತು. ದೊಡ್ಡ ಮಾಲಕರ ಮಗ ಇವರು. ಒಳ್ಳೆಯ ಮನುಷ್ಯ, ಆದರೆ ಧೂಳು ಕಂಡರೆ ಆಗುವುದಿಲ್ಲ. ಗುರಪ್ಪನವರಿಗೆ ಹರಿಯುವುದು ಪಾಪವಾಗಿತ್ತು, ಇವರಿಗೆ ಇಡುವುದು ರೋಗವಾಗಿತ್ತು. ಬಂದ ವರ್ಷವೇ ನಾನು ರಜೆಯಲ್ಲಿದ್ದಾಗ ಒಂದು ಕಪಾಟು ಪಗಾರ ಪಟ್ಟಿಗಳನ್ನು ರದ್ದಿಗೆ ಹಾಕಿಸಿದರು. ಇಡಬೇಕಾದ ಅವಧಿ ಮುಗಿದಿದ್ದ ಪಟ್ಟಿಗಳೇ ಅವು, ತಪ್ಪೇನಲ್ಲ ಎಂದು ನಾನೂ ಸುಮ್ಮನಾದೆ.

ಆಮೇಲೆ ಯಾರದೋ ಮದುವೆಗೆಂದು ಗಜೇಂದ್ರಗಡಕ್ಕೆ ಸೀರೆ ತರಲು ಹೋದೆ. ನನಗೆ ಅಂಗಡಿಗಿಂತ ನೇಕಾರರ ಮನೆಯಲ್ಲೇ ಕೊಳ್ಳುವುದು ಇಷ್ಟ. ಮಗ್ಗದ ಪಕ್ಕ ಕೂತು ಚಹ ಕುಡಿದು, ಸೆರಗು ಬಿಡಿಸಿ ನೋಡಿ, ಒಂದನ್ನು ಆರಿಸಿದೆ. (ಹಸಿರಲ್ಲ, ಕೆಂಪು. ಮೇಲೆ ಹೇಳಿದ ಸೀರೆ ಇದೇ.) ಮನೆಯಾಕೆ ಮಡಿಕೆಯ ನಡುವೆ ಕಾಗದ ಇಟ್ಟು ಮಡಚುತ್ತ, "ನರಗುಂದದ ಕಡೆಯವರೇನ್ರಿ? ಅಲ್ಲಿ ಹತ್ತಿ ಮಿಲ್ಲಿನಾಗ ದೊಡ್ಡ ಯಲ್ಲವ್ವ ಅಂತ ಒಬ್ಬಾಕಿ ಇದ್ದಾಳಲ್ರಿ, ಭಾಳ ರಜಾ ಹಾಕತಾಳ ನೋಡ್ರಿ" ಎಂದಳು. ದೊಡ್ಡ ಯಲ್ಲವ್ವ ಪರಿಚಯವೇ ಎಂದೆ. ಪರಿಚಯ ಎಲ್ಲಿಯದು, ಕಾಗದದಲ್ಲಿ ಬರೆದಿತ್ತು ಎಂದಳು. ನೋಡಿದರೆ ಸೀರೆಯ ಮಡಿಕೆಯಲ್ಲಿ ನನ್ನದೇ ಅಕ್ಷರ, ನಮ್ಮದೇ ಪಗಾರ ಪಟ್ಟಿ. ರದ್ದಿ ಸುತ್ತಿ ಸುತ್ತಿ ಅಲ್ಲಿಗೆ ಬಂದಿತ್ತು. ಮಗ್ಗದ ಸದ್ದಿನ ನಡುವೆ ಬೇಸರ ಕಳೆಯಲು ಆಕೆ ಎಲ್ಲವನ್ನೂ ಓದಿಟ್ಟಿದ್ದಳು. ಯಾರು ಮುಂಗಡವಾಗಿ ಉಚಲ ಪಡೆದಿದ್ದರು, ಯಾರಿಗೆ ಕಡಿತವಾಗಿತ್ತು ಎಲ್ಲ ಆಕೆಗೆ ಗೊತ್ತು. ದೊಡ್ಡ ಯಲ್ಲವ್ವನ ರಜೆಗೆ ಹೆರಿಗೆ ಕಾರಣ ಎಂದು ತಿಳಿಸಿದೆ. "ಹಂಗೇನ್ರಿ? ಮತ್ತ ಅದನ್ನ ಬರೀಬೇಕಲ್ರಿ. ನಾ ಸುಮ್ನ ಆಕೀನ್ನ ಬೈಕೋತ ಕುಂತಿದ್ನಿ" ಎಂದಳು. ಹುಟ್ಟಿದ್ದು ಗಂಡೋ ಹೆಣ್ಣೋ ಎಂದೂ ಕೇಳಿದಳು.

ನಗುನಗುತ್ತಲೇ ಬಂದೆ, ಬಸ್ಸಿನಲ್ಲಿ ನಗು ಆರಿತು. ಇಡುವ ಕಾಲ ಮುಗಿದ ಕಾಗದವನ್ನು ಮಾರಬಾರದು, ಚೂರು ಮಾಡಿ ನೆನೆಸಬೇಕು. ಒಬ್ಬರ ಸಂಬಳ, ಸಾಲ, ಬೇನೆ ಇನ್ನೊಬ್ಬರ ಸೀರೆಯ ಮಡಿಕೆ ಸೇರಬಾರದು. ಇದು ನಾನು ಮಾಡಿಕೊಂಡ ಮೊದಲ ನಿಯಮ.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಹೆಸರುಗಳನ್ನೆಲ್ಲ ಅದಕ್ಕೆ ಏರಿಸಲು ಬಂದ ಹುಡುಗರು ಚುರುಕಾಗಿದ್ದರು. ಅವರ ಪಟ್ಟಿಯಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ದೊಡ್ಡ ಯಲ್ಲವ್ವ, ಕೆಂಪ ಯಲ್ಲವ್ವ, ಸಾಲಿ ಯಲ್ಲವ್ವ (ಶಾಲೆಯ ಪಕ್ಕದ ಮನೆಯವಳು, ಸಾಲಿ ಕಲಿತವಳಲ್ಲ) ಈ ಮೂವರೂ ಯಲ್ಲವ್ವ ಎಂಬ ಒಂದೇ ಮನೆತನದ ಅಕ್ಕತಂಗಿಯರಾದರು. ಅದನ್ನು ಸರಿಮಾಡುವುದರಲ್ಲೇ ನನ್ನ ಕೊನೆಯ ವರ್ಷಗಳು ಹೋದವು. ಗುರುತಿನ ಖಾನೆ ಮಾತ್ರ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. "ಮಚ್ಚೆ, ಗಾಯ ಎಲ್ಲಾ ಈಗ ಯಾರು ನೋಡ್ತಾರ್ರಿ" ಎಂದರು ಸಣ್ಣ ಮಾಲಕರು. ನನಗೂ ಸರಿ ಎನ್ನಿಸಿತ್ತು.

ಈಗ ಗಂಗವ್ವನ ಮಾತಿಗೆ ಬರುತ್ತೇನೆ.

ಫೋನು ಬಂದ ಮರುದಿನ ಬಸ್ಸು ಹಿಡಿದು ಕಾರ್ಖಾನೆಗೆ ಹೋದೆ. ಗೇಟಿನ ಬೇವಿನ ಮರದ ಕೆಳಗೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಗಂಗವ್ವ ನಮ್ಮಲ್ಲಿ ಜಿನ್ನಿಗೆ ಹತ್ತಿ ಉಣಿಸುತ್ತ ವಯಸ್ಸು ಕಳೆದವಳು. ಶೇಷಪ್ಪ ಕುರಿ ಕಾಯುವವನು, ಮಾತು ಕಡಿಮೆ, ಆಡಿದರೆ ಮೊನಚು. ಪಿಂಚಣಿ ಬಂದರೆ ಮಗಳ ಊರಿಗೆ ಹೋಗುವಾಗ ಬಸ್ಸಿನ ರೊಕ್ಕಕ್ಕೆ ಯಾರ ಮುಖವನ್ನೂ ನೋಡಬೇಕಿಲ್ಲ ಎಂದು ಗಂಗವ್ವ ವರ್ಷಗಳಿಂದ ಕಾಯುತ್ತಿದ್ದಳು. "ಹೊಲಾ ಅವ್ರ ಹೆಸರಿಗೆ, ಮನಿ ಅತ್ತಿ ಹೆಸರಿಗೆ. ನನ್ನ ಹೆಸರಿಗೆ ಬರೂದು ಇದೊಂದ ನೋಡ್ರಿ ಅಕ್ಕಾರ" ಎಂದಳು. "ಇದರಾಗೂ ಯಾಂವೋ ನಾಗಪ್ಪ ಬಂದು ಕುಂತಾನ."

"ಓಣ್ಯಾಗ ಮಂದಿ ಕೇಳತಾರ್ರಿ" ಎಂದ ಶೇಷಪ್ಪ ತಣ್ಣಗೆ. "ಇಷ್ಟು ವರ್ಷ ನಾ ಯಾರ ಹೇಂತಿ ಕೂಡ ಸಂಸಾರ ಮಾಡಿದ್ನಿ ಅಂತ."

ಕೇಳುತ್ತ ಹೋದಂತೆ ವಿಷಯ ಬಿಚ್ಚಿಕೊಂಡಿತು. ಭರ್ತಿಯ ದಿನ ಗಂಡನ ಹೆಸರು ಕೇಳಿದಾಗ ಗಂಗವ್ವ ಬಾಯಿಬಿಡದೆ, ಕೈಯನ್ನು ಮೇಲಕ್ಕೆತ್ತಿ, ಬೆರಳುಗಳನ್ನು ಬಾಗಿಸಿ ಹಾವಿನ ಹೆಡೆ ಮಾಡಿ ತೋರಿಸಿದ್ದಳು. ಶೇಷ ಎಂದರೆ ಹಾವೇ ತಾನೆ? ಹಿಂದೆ ನಿಂತವಳು ನೆಗೆಣ್ಣಿ, ಆಕೆಯೂ ಬಾಯಿ ಬಿಡಲಿಲ್ಲ. ಗುರಪ್ಪನವರು ಹೆಡೆ ನೋಡಿ ನಾಗಪ್ಪ ಎಂದು ಬರೆದುಕೊಂಡರು. ಪಗಾರ ಬಟವಾಡೆಯಲ್ಲಿ ಕೂಗುತ್ತಿದ್ದುದು ಬೆಳವಣಕಿ ಗಂಗವ್ವ ಎಂದು, ಗಂಡನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಹೀಗಾಗಿ ನಾಗಪ್ಪ ಆ ಖಾನೆಯಲ್ಲಿ ಸುಖವಾಗಿ ಉಳಿದುಬಿಟ್ಟಿದ್ದ.

ಆಕೆ ಹೇಳುತ್ತಿದ್ದಂತೆ ನನಗೆ ಎಲ್ಲವೂ ನೆನಪಾಯಿತು. ಗೇಟಿನ ಮೇಜು, ಗುರಪ್ಪನವರ ಟೋಪಿ, ಬಿಸಿಲಿನಲ್ಲಿ ಎತ್ತಿದ ಆ ಕೈ, ನಾನು ಪಕ್ಕದಲ್ಲಿ ಕೂತು ಮಸಿ ಒರೆಸುವ ಕಾಗದ ಹಿಡಿದದ್ದು ಸಹ. "ನಾನ ನೋಡೀನಿ, ನಾನ ಬರೆದುಕೊಡ್ತೀನಿ" ಎಂದು ಹೇಳಿ, ನಾನು ಆಗ ಅಲ್ಲಿಯೇ ಹಾಜರಿದ್ದೆ, ಕಣ್ಣಾರೆ ಕಂಡಿದ್ದೇನೆ ಎಂದು ಒಂದು ಹೇಳಿಕೆ ಬರೆದೆ. ರುಜು ಮಾಡುವುದು ಬಾಕಿ ಇತ್ತು. ಅಷ್ಟರಲ್ಲಿ ರೇಖಾ ಕಂಪ್ಯೂಟರಿನಲ್ಲಿ ಗಂಗವ್ವನ ಭರ್ತಿಯ ತಾರೀಖು ತೆಗೆದು ತೋರಿಸಿದಳು. ಏಕೋ ಅನುಮಾನ ಬಂದು, ರುಜು ನಾಳೆ ಎಂದು ಮನೆಗೆ ಬಂದು ದಿನಚರಿ ತೆಗೆದೆ. ಗಂಗವ್ವ ಸೇರಿದ ಮರುವರ್ಷ ನಾನು ಆ ಕಾರ್ಖಾನೆಯ ಮೆಟ್ಟಿಲು ಮೊದಲ ಸಲ ಹತ್ತಿದ್ದೆ. ಆ ದಿನ ನಾನು ಅಲ್ಲಿ ಇರಲೇ ಇಲ್ಲ. ನಾನು ಕಂಡದ್ದು ಬೇರೆ ಹೆಂಗಸರನ್ನು, ಬೇರೆ ಸುಗ್ಗಿಗಳಲ್ಲಿ. ನನ್ನ ನೆನಪು ಗಂಗವ್ವನ ಕೈಯನ್ನು ತಂದು ಅದರಲ್ಲಿ ಸೇರಿಸಿಕೊಂಡು, ನನಗೊಂದು ಕುರ್ಚಿಯನ್ನೂ ಹಾಕಿಕೊಟ್ಟಿತ್ತು. ಮಸಿ ಒರೆಸುವ ಕಾಗದ ಎಲ್ಲಿಂದ ಬಂತೋ ದೇವರೇ ಬಲ್ಲ.

ಹೇಳಿಕೆ ಹರಿದೆ. ಗುರಪ್ಪನವರು ತೀರಿಕೊಂಡಿದ್ದರು. ನೆಗೆಣ್ಣಿಯೂ ಇರಲಿಲ್ಲ. ಹೆಡೆಯನ್ನು ಕಂಡವರು ಯಾರೂ ಉಳಿದಿರಲಿಲ್ಲ. ಪಿಂಚಣಿಯವರಿಗೆ ಬೇಕಾದದ್ದು ಒಂದೇ: ನಾಗಪ್ಪನ ಹೆಂಡತಿ ಎಂದು ಬರೆದಿರುವ ಗಂಗವ್ವ ಈಕೆಯೇ ಎಂಬುದಕ್ಕೆ ಕಾರ್ಖಾನೆಯ ಹಳೆಯ ದಾಖಲೆ. ಆ ವಾರವೇ ಅವರ ಅಧಿಕಾರಿಯೊಬ್ಬರು ರೋಣಕ್ಕೆ ಬಂದು ಅಹವಾಲು ಕೇಳುವವರಿದ್ದರು. ಅದು ತಪ್ಪಿದರೆ ದೂರದ ಕಚೇರಿಗೆ ಅಲೆಯಬೇಕು.

ಮರುದಿನ ಮತ್ತೆ ಹೋದೆ. ಹಿಂದೆ ಸ್ಕ್ಯಾನ್ ಮಾಡಿಸಿಟ್ಟಿದ್ದ ಭರ್ತಿ ಪುಸ್ತಕವನ್ನು ರೇಖಾ ಪರದೆಯ ಮೇಲೆ ತೆರೆದಳು. ಅಲ್ಲಿ ಗಂಗವ್ವ, ಗಂಡ ನಾಗಪ್ಪ, ಬೆಳವಣಕಿ, ವಯಸ್ಸು. ಅಲ್ಲಿಗೆ ಪುಟ ಮುಗಿದಿತ್ತು. ಉಳಿದದ್ದು ಎಲ್ಲಿ ಎಂದು ಕೇಳಿದೆ. ಇಷ್ಟೇ ಇದೆ ಎಂದಳು. ಆಗ ಹೊಳೆಯಿತು. ಗುರಪ್ಪನವರ ಭರ್ತಿ ಪುಸ್ತಕ ತೆರೆದರೆ ತೊಡೆಯ ಮೇಲೆ ಹಿಡಿಯದಷ್ಟು ಅಗಲ. ಸಾಲು ಎಡ ಪುಟದಲ್ಲಿ ಶುರುವಾಗಿ ಬಲ ಪುಟದಲ್ಲಿ ಮುಗಿಯುತ್ತಿತ್ತು. ಸ್ಕ್ಯಾನ್ ಮಾಡಿದವರು ಬಲ ಪುಟದಲ್ಲಿ ಹೆಸರುಗಳಿಲ್ಲ ಎಂದು ಎಡ ಪುಟವನ್ನಷ್ಟೇ ತೆಗೆದಿದ್ದರು. ತಪ್ಪು ಹೆಸರು ಭದ್ರವಾಗಿ ಕಂಪ್ಯೂಟರಿನಲ್ಲಿತ್ತು, ಉಳಿದರ್ಧ ಮೂಲ ಪುಸ್ತಕದಲ್ಲಿತ್ತು. ಮೂಲ ಪುಸ್ತಕ ಅಂಗಳದಲ್ಲಿ ರದ್ದಿಯವನ ಮುಂದಿತ್ತು.

ರದ್ದಿಯವನು ತಕ್ಕಡಿ ತೂಗುಹಾಕಿ, ಗಂಟುಗಳನ್ನು ಕಟ್ಟಿ, ಚಹ ಕುಡಿಯುತ್ತ ಕೂತಿದ್ದ. ತೂಕ ಆಗಿ ಹೋಗಿದೆ, ಈಗ ಗಂಟು ಬಿಚ್ಚಿದರೆ ಲೆಕ್ಕ ತಪ್ಪುತ್ತದೆ ಎಂದ. ಸಣ್ಣ ಮಾಲಕರು ಹೊರಗೆ ಬಂದು, ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಒಂದು ಕ್ಷಣ ಗಂಗವ್ವನನ್ನು ನೋಡಿ, ಒಳಗೆ ಹೋಗಿ, ತಮ್ಮ ಕೋಣೆಯಲ್ಲಿ ವರ್ಷಗಟ್ಟಲೆ ಕೂಡಿಟ್ಟಿದ್ದ ಇಂಗ್ಲಿಷ್ ಪತ್ರಿಕೆಗಳ ರಾಶಿಯನ್ನು ಹೊತ್ತು ತಂದು ತಕ್ಕಡಿಗೆ ಹಾಕಿದರು. ಅವರೂ ಏನನ್ನೋ ಇಟ್ಟುಕೊಳ್ಳುವವರೆಂದು ಅಂದೇ ಗೊತ್ತಾದದ್ದು. ರದ್ದಿಯವನಿಗೆ ತೂಕಕ್ಕೆ ತೂಕ ಸರಿಹೋಯಿತು. ಗಂಟು ಬಿಚ್ಚಿದೆವು.

ಬಲ ಪುಟದಲ್ಲಿ, ಗುರುತಿನ ಖಾನೆಯಲ್ಲಿ, ಗುರಪ್ಪನವರ ದುಂಡಗಿನ ಅಕ್ಷರ ಹೀಗಿತ್ತು: "ಬಲ ಮುಂಗೈ ಮೇಲೆ ಚೇಳಿನ ಹಚ್ಚೆ. ಕೊಂಡಿ ಇಲ್ಲ."

ಗಂಗವ್ವ ಸೆರಗು ಸರಿಸಿ ಕೈ ಚಾಚಿದಳು. ಹಸಿರು ಮಾಸಿದ ಚೇಳು, ಬಾಲದ ತುದಿ ಬೋಳು. ಚಿಕ್ಕವಳಿದ್ದಾಗ ಹಚ್ಚೆ ಹಾಕುವಾಕೆಯ ಸೂಜಿಗೆ ಹೆದರಿ, ಕೊಂಡಿ ಬರೆಯುವ ಮೊದಲೇ ಕೈ ಕಿತ್ತುಕೊಂಡು ಓಡಿದ್ದಳಂತೆ. "ಅದಕ್ಕ ಆ ಕೊಂಡಿ ಬಾಯಾಗ ಬಂದೈತಿ" ಎಂದ ಶೇಷಪ್ಪ.

ಅಹವಾಲಿನ ದಿನ ರೋಣದ ಸಭಾಭವನದಲ್ಲಿ ಜನ ತುಂಬಿದ್ದರು. ಅಧಿಕಾರಿ ಮೈಸೂರು ಕಡೆಯ ತರುಣ, ಸಾವಧಾನದ ಮನುಷ್ಯ. ಪುಸ್ತಕದ ಎರಡೂ ಪುಟಗಳನ್ನು ನೋಡಿದರು, ಚೇಳನ್ನು ನೋಡಿದರು, ತಲೆಯಾಡಿಸಿದರು. ಗಂಗವ್ವ ಈಕೆಯೇ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಹೆಸರು ತಪ್ಪಾದದ್ದು ಹೇಗೆ, ಸರಿಯಾದದ್ದು ಯಾವುದು ಎಂದು ಆಕೆಯೇ ಹೇಳಿ ತಾವು ಬರೆದುಕೊಳ್ಳಬೇಕು ಎಂದರು. ಯಾರೂ ಹೇಳಿಕೊಡಬಾರದೆಂದು ಶೇಷಪ್ಪನನ್ನು ಹೊರಗೆ ಕಳಿಸಿ, ನನಗೂ ಸುಮ್ಮನಿರಲು ಸನ್ನೆ ಮಾಡಿದರು.

"ಹೇಳಮ್ಮಾ, ನಿಮ್ಮ ಯಜಮಾನ್ರ ಹೆಸರೇನು?"

ಗಂಗವ್ವ ನನ್ನ ಕಡೆ ನೋಡಿದಳು. ನೆಲ ನೋಡಿದಳು. ಆಮೇಲೆ ನಿಧಾನವಾಗಿ ಬಲಗೈ ಮೇಲೆತ್ತಿ, ಬೆರಳು ಬಾಗಿಸಿ, ಹೆಡೆ ಮಾಡಿದಳು.

ಅಧಿಕಾರಿಯ ಮುಖ ಅರಳಿತು. "ಓ, ನಾಗರಾಜಾ?" ಎಂದು ಬರೆಯತೊಡಗಿದರು.

ಗಂಗವ್ವ ತಲೆ ಅಲ್ಲಾಡಿಸಿದಳು. "ಸುಬ್ಬಣ್ಣ?" ಎಂದರು. ಅದಕ್ಕೂ ತಲೆ ಅಲ್ಲಾಡಿತು. ಆಗ ಅವರ ಲೇಖನಿ ನಿಂತಿತು. ಕಾಗದದ ಮೇಲೆ ತಾವೇ ಬರೆದ 'ನಾ' ಅಕ್ಷರವನ್ನು ನೋಡಿದರು, ಪಕ್ಕದಲ್ಲಿ ತೆರೆದಿದ್ದ ಹಳೆಯ ಪುಸ್ತಕದ 'ನಾಗಪ್ಪ'ನನ್ನು ನೋಡಿದರು, ಆಮೇಲೆ ನಗಲು ಶುರುಮಾಡಿದರು. ನಾನು ಕಾಣದಿದ್ದದ್ದನ್ನು ಕಡೆಗೂ ಕಣ್ಣಾರೆ ಕಂಡೆ. ಅದೇ ಕೈ, ಅದೇ ಹೆಡೆ, ಅದೇ ತಪ್ಪು.

"ತಪ್ಪಾದದ್ದು ಹೇಗೆ ಅಂತ ಗೊತ್ತಾಯ್ತು" ಎಂದರು ಕಣ್ಣು ಒರೆಸಿಕೊಳ್ಳುತ್ತ. "ಆದ್ರೆ ಸರಿಯಾದ ಹೆಸರು ಬಾಯಲ್ಲಿ ಹೇಳ್ಬೇಕಲ್ಲಮ್ಮಾ. ಕೈ ತೋರ್ಸಿದ್ದನ್ನ ನಾನು ಏನಂತ ಬರ್ಕೊಳ್ಳಿ?"

"ಹಂಗಾರ ಒಡಪಿನಾಗ ಹೇಳ್ಲೇನ್ರಿ?"

ಒಡಪು ಎಂದರೇನೆಂದು ಅವರು ನನ್ನನ್ನು ಕೇಳಿದರು. ಹೇಳಿದೆ. ಹೇಳಲಿ ಎಂದರು. ಗಂಗವ್ವ ಸೆರಗು ತಲೆಯ ಮೇಲೆಳೆದುಕೊಂಡು, ಸಭಾಭವನದ ಕೊನೆಯವರೆಗೆ ಕೇಳುವಂತೆ ಹೇಳಿದಳು:

"ಜಿನ್ನಿನಾಗ ಕಾಳು ಬಿಡಿಸಿ ತುಂಬೇತಿ ಅರಳಿ ಬುಟ್ಟಿ,
ಶೇಷಪ್ಪನವರ ಹೆಸರ ಹೇಳತೀನಿ, ಬರಕೊಳ್ರಿ ಗಟ್ಟಿ."

ಸರದಿಯಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಅಧಿಕಾರಿ ಅರಳಿ ಎಂದರೆ ಬೀಜ ತೆಗೆದ ಹತ್ತಿ ಎಂದು ನನ್ನಿಂದ ತಿಳಿದುಕೊಂಡು, ಒಡಪನ್ನು ಹೇಳಿಸಿ ಹೇಳಿಸಿ, ಒಂದಕ್ಷರ ಬಿಡದೆ ಹೇಳಿಕೆಯಲ್ಲಿ ಬರೆದುಕೊಂಡು, ಕೆಳಗೆ ರುಜು ಮಾಡಿದರು. ಒಂದು ಪ್ರತಿ ಕಾರ್ಖಾನೆಗೂ ಕೊಟ್ಟರು. ಹೊರಗೆ ಬಂದಾಗ ಶೇಷಪ್ಪ ಮೆಟ್ಟಿಲಿನ ಮೇಲೆ ಕೂತಿದ್ದ. ಒಳಗಿನದು ಅವನಿಗೂ ಕೇಳಿಸಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಬಂದ ಮೇಲೆ, "ಮದಿವ್ಯಾಗ ಹೇಳಿದ್ದು ಬ್ಯಾರೆ ಇತ್ತು" ಎಂದ. "ಇದು ಹೊಸಾದು. ಯಾವಾಗ ಕಟ್ಟಿದ್ಲೋ ಏನೋ."

ಮುಂದಿನ ತಿಂಗಳುಗಳಲ್ಲಿ ಪಿಂಚಣಿ ಶುರುವಾಯಿತು. ಗಂಗವ್ವ ಮೊದಲ ಸಲ ತನ್ನ ರೊಕ್ಕದಲ್ಲಿ ಬಸ್ಸಿನ ಚೀಟಿ ತೆಗೆಸಿಕೊಂಡು ಮಗಳ ಊರಿಗೆ ಹೋಗಿಬಂದಳೆಂದು ರೇಖಾ ಹೇಳಿದಳು.

ಈಗ ರೇಖಾಳ ಪ್ರಶ್ನೆಗೆ ಉತ್ತರ. ಕಾನೂನು ಹೇಳುವ ಮೂರು, ಐದು ಎಲ್ಲ ಕನಿಷ್ಠದ ಮಾತು. ಅದಕ್ಕಿಂತ ಮೊದಲು ಹರಿಯಬಾರದು ಎಂದು ಅದರ ಅರ್ಥ, ಅಂದೇ ಹರಿಯಬೇಕು ಎಂದಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಚಾಲ್ತಿಯಲ್ಲಿರುವುದನ್ನು ನೋಡಿಕೊಳ್ಳಬೇಕು. ವರ್ಷಗಳನ್ನು ಎಣಿಸಬೇಕಾದದ್ದು ಪುಸ್ತಕದ ಮೊದಲ ಪುಟದಿಂದಲ್ಲ, ಕೊನೆಯ ನಮೂದಿನಿಂದ. ಹೊಸಬರು ಎಡವುವುದು ಇಲ್ಲಿಯೇ. ಯಾವುದಾದರೂ ತಕರಾರು ನಡೆಯುತ್ತಿದ್ದರೆ ಅದು ತೀರುವವರೆಗೆ ಒಂದು ಚೂರೂ ಹೊರಗೆ ಹೋಗಬಾರದು. ದಿನದಿನದ ಹಾಜರಿ, ಪಗಾರ ಪಟ್ಟಿಗಳನ್ನು ಅವಧಿ ಮುಗಿದ ಮೇಲೆ, ಭವಿಷ್ಯನಿಧಿಯ ಲೆಕ್ಕದೊಂದಿಗೆ ತಾಳೆ ನೋಡಿ, ಚೂರು ಮಾಡಬಹುದು. ಆದರೆ ಯಾರು, ಯಾವ ಊರಿನವರು, ಯಾವಾಗ ಬಂದರು, ಯಾವಾಗ ಬಿಟ್ಟರು ಎಂದು ಹೇಳುವ ಭರ್ತಿ ಪುಸ್ತಕ ಇದೆಯಲ್ಲ, ಅದನ್ನು ಅದರಲ್ಲಿರುವ ಕೊನೆಯ ಮನುಷ್ಯ ಪಿಂಚಣಿ ಪಡೆದು, ಅವರ ಹಿಂದೆ ಉಳಿದವರೂ ಪಡೆದು ಮುಗಿಯುವವರೆಗೆ ಇಡಬೇಕು. ಕಂಪ್ಯೂಟರಿಗೆ ಏರಿಸಿದರೆ ಎರಡೂ ಪುಟ ಏರಿಸಬೇಕು. ಚಹದ ಚೀಟಿಯನ್ನು ಹರಿಯಬಹುದು. ಗುರಪ್ಪನವರು ಕ್ಷಮಿಸಲಿ.

ಇಷ್ಟು ಬರೆದ ಮೇಲೆ ಒಂದು ಅನುಮಾನ ಉಳಿಯಿತು. ಒಡಪಿನಲ್ಲಿ 'ತುಂಬೇತಿ ಅರಳಿ ಬುಟ್ಟಿ' ಎಂದು ನನ್ನ ಕಿವಿಯಲ್ಲಿದೆ. ದಿನಚರಿಯಲ್ಲಿ 'ಹಗುರಾತು ಅರಳಿ ಬುಟ್ಟಿ' ಎಂದಿದೆ. ಅವತ್ತು ಬಸ್ಸಿನಲ್ಲಿ ಕುಲುಕಾಡುತ್ತ ಬರೆದದ್ದು, ಅದನ್ನೂ ಪೂರ್ತಿ ನಂಬಲಾರೆ. ನಿನ್ನೆ ಗಂಗವ್ವನಿಗೇ ಫೋನು ಹಚ್ಚಿ, ಒಡಪನ್ನು ಇನ್ನೊಮ್ಮೆ ಹೇಳು ಎಂದೆ. ಆ ಕಡೆಯಿಂದ ಪಿಸುದನಿಯಲ್ಲಿ, "ಈಗ ಹ್ಯಾಂಗ ಹೇಳ್ಲಿ ಅಕ್ಕಾರ, ಅವ್ರು ಎದರಿಗೇ ಕುಂತಾರ" ಎಂದಳು. "ಆ ಸಾಹೇಬ್ರು ಬರಕೊಂಡು ಮಿಲ್ಲಿಗೂ ಒಂದು ಕಾಗದ ಕೊಟ್ಟಾರಲ್ರಿ, ಅದರಾಗ ನೋಡ್ರಿ."

ಸರಿ ಎಂದು ಇಡುವಷ್ಟರಲ್ಲಿ ಮತ್ತೆ ಅವಳ ದನಿ ಬಂತು.

"ಅದನ್ನ ಇಟ್ಟಾರೋ ಇಲ್ಲೋ?"

ಕೂಡಲೇ ರೇಖಾಳಿಗೆ ಫೋನು ಹಚ್ಚಿದೆ.